ಶಂಖದ ಸುತ್ತು, ಮನೆಯ ಮೆಟ್ಟಿಲು

ಕೋಡಿ, ಕುಂದಾಪುರ
18 ಜೂನ್ 2023

ಚೇತನಾ,

ಇದು ಅಪ್ಪಯ್ಯ. ಈ ಚುಕ್ಕಿಗಳನ್ನು ನಾನೇ ಕೂತು ಚುಚ್ಚಿದ್ದು, ಯಾರ ಕೈಯಲ್ಲೂ ಬರೆಸಿದ್ದಲ್ಲ. ತಪ್ಪುಗಳಿದ್ದರೆ ಅವೂ ನನ್ನವೇ.

ಫೋನಿನಲ್ಲಿ ನಮ್ಮಿಬ್ಬರ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ನಿನಗೆ ಗೊತ್ತು. ನಾನು "ಮನೆಗೆ ಬಾ" ಅನ್ನುವುದು, ನೀನು ಸುಮ್ಮನಾಗುವುದು. ಈಗ ನೀನು ಫೋನು ಎತ್ತುವುದನ್ನೂ ಬಿಟ್ಟಿದ್ದೀ. ಹೋದ ತಿಂಗಳು ನಿಮ್ಮ ತರಬೇತಿ ಕೇಂದ್ರದ ವಿನಯಾ ಮೇಡಂ ಹತ್ತಿರ ಮಾತಾಡಿದೆ. "ಚೇತನಾ ಬ್ರೈಲ್ ಬೇಗ ಕಲಿತಳು. ಆದರೆ ಓದಲಿಕ್ಕೆ ಪಾಠದ ಪುಸ್ತಕ ಬಿಟ್ಟರೆ ಬೇರೇನಿಲ್ಲ. ಮನೆಯವರು ಯಾರಾದರೂ ಬರೆದರೆ ಎಷ್ಟು ಚೆನ್ನ" ಎಂದರು. ಅವರು ಮಾತಿಗೆ ಹೇಳಿದ್ದಿರಬೇಕು. ನಾನು ಹಿಡಿದುಕೊಂಡೆ.

ಬ್ರಹ್ಮಾವರದಲ್ಲಿ ದುಗ್ಗಪ್ಪ ಮಾಸ್ಟ್ರು ಅಂತ ಇದ್ದಾರೆ. ಹುಟ್ಟಿನಿಂದ ಕಣ್ಣು ಕಾಣದವರು, ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಮಳೆ ಹಿಡಿದು ನಮ್ಮ ಸುಣ್ಣದ ಗೂಡಿಗೆ ಬೆಂಕಿ ಇಲ್ಲ. ಚಿಪ್ಪು ಸುಡುವ ಕೆಲಸ ಇನ್ನು ದೀಪಾವಳಿ ಕಳೆದ ಮೇಲೆಯೇ. ಹಾಗಾಗಿ ಬಸ್ಸು ಹತ್ತಿ ಅವರ ಮನೆಗೆ ಹೋಗಿ ಕೂರುತ್ತೇನೆ. ಬಲದಿಂದ ಎಡಕ್ಕೆ ಚುಚ್ಚಿದ್ದನ್ನು ಕಾಗದ ಮಗುಚಿ ಎಡದಿಂದ ಬಲಕ್ಕೆ ಓದಬೇಕು ಎಂಬುದು ತಲೆಗೆ ಹತ್ತಲಿಕ್ಕೇ ಬಹಳ ದಿನ ಬೇಕಾಯಿತು. ಮಾಸ್ಟ್ರು ನನ್ನ ಬೆರಳನ್ನು ಕಾಗದದ ಮೇಲೆ ಒತ್ತಿ ಹಿಡಿದು, "ಕಣ್ಣ್ ಮುಚ್ಕಣಿ ಮಾರಾಯ್ರೇ! ನೀವ್ ಕಂಡ್ಕಂಡ್ ಓದುಕ್ ಹೋತ್ರಿ, ಅದ್ಕೇ ಆತಿಲ್ಲ" ಎಂದು ಗದರುತ್ತಾರೆ.

ಇದರ ಜೊತೆ ಒಂದು ಶಂಖ ಇಟ್ಟಿದ್ದೇನೆ. ಸಣ್ಣವಳಿರುವಾಗ ನೀನು ಸುಡುವ ರಾಶಿಯಿಂದ ಸುತ್ತು ಇರುವ ಶಂಖಗಳನ್ನೆಲ್ಲ ಹೆಕ್ಕಿ ಬದಿಗಿಟ್ಟು, ಕೆಲಸದವರ ಹತ್ತಿರ ಬೈಸಿಕೊಳ್ಳುತ್ತಿದ್ದೆ. ನಿನಗೆ ಕಟ್ಟಡದ ಹುಚ್ಚು ಹತ್ತಿದ್ದು ಅಲ್ಲಿಂದಲೇ ಎಂದು ಅಮ್ಮ ಹೇಳುತ್ತಾಳೆ.

ಅಳಿವೆಯ ಹತ್ತಿರ ಆ ದಿನ ನಡೆದದ್ದರ ಬಗ್ಗೆ ಇದರಲ್ಲಿ ಬರೆಯುವುದಿಲ್ಲ. ಹೇಗಿದ್ದೀ?

ಅಪ್ಪಯ್ಯ
ಸುಧಾಕರ


ಮೈಸೂರು
2 ಜುಲೈ 2023

ಅಪ್ಪಯ್ಯನಿಗೆ,

ಪತ್ರ ಬಂತು. ಕೊನೆಯ ಸಾಲಿನಲ್ಲಿ "ಹೇಗಿದ್ದೀ" ಎಂದು ಬರೆಯಲು ಹೋಗಿ ಚುಕ್ಕಿಗಳನ್ನು ತಿರುವುಮುರುವು ಮಾಡಿದ್ದೀರಿ. ಅದು "ಜಿಗಿದ್ದೀ" ಎಂದಾಗಿದೆ. ನಾನು ಎಲ್ಲಿಗೂ ಜಿಗಿದಿಲ್ಲ.

ಅಳಿವೆಯ ವಿಷಯ ನೀವು ಬರೆಯುವುದಿಲ್ಲ ಎಂದಿರಿ. ನಾನು ಬರೆಯುತ್ತೇನೆ. ಜ್ವರದಲ್ಲಿ ಕಣ್ಣಿನ ನರ ಸೋತ ಮೇಲೆ ಮನೆಯಲ್ಲಿ ನನ್ನನ್ನು ಯಾರೂ ಒಬ್ಬಳೇ ಬಾವಿಕಟ್ಟೆಗೂ ಬಿಡಲಿಲ್ಲ. ವಾಸ್ತುಶಿಲ್ಪ ಕಾಲೇಜಿನ ಕೊನೆಯ ವರ್ಷ ಹಾಗೇ ನಿಂತಿತು. ಒಂದು ಬೆಳಿಗ್ಗೆ ಕೋಲು ಹಿಡಿದು, ಹೊಳೆ ಕಡಲು ಸೇರುವ ಆ ಅಳಿವೆಯ ತನಕ ಹೋದೆ. ನೀರಿನ ಸದ್ದು ಎಡಗಡೆ, ಬಲೆ ಒಣಗುವ ವಾಸನೆ ಬಲಗಡೆ. ದಾರಿ ಒಂದು ಮೊಳವೂ ತಪ್ಪಿರಲಿಲ್ಲ. ನೀವು ಓಡಿ ಬಂದು ಕೋಲು ಕಿತ್ತುಕೊಂಡು, ದೋಣಿಯವರೆಲ್ಲ ಕೇಳುವ ಹಾಗೆ "ಸಾಯುಕ್ ಹೊರ್ಟಿದ್ಯಾ ಹೆಣೆ?" ಎಂದು ಕೂಗಿದಿರಿ. ಸದಾ ಮುದ್ದಿನಿಂದ ನನ್ನನ್ನು ಕರೆಯುವ "ಹೆಣೆ" ಆ ದಿನ ಬೈಗುಳದ ಹಾಗೆ ಕೇಳಿತು. ಅಂದಿನಿಂದ ಊರಿನಲ್ಲಿ ಎಲ್ಲರ ಬಾಯಲ್ಲೂ ನಾನು ಸಾಯಲು ಹೋದವಳು. ಎಂತಕ್ಕೆ ಹೋದೆ ಎಂದು ಯಾರೂ ಕೇಳಲಿಲ್ಲ. ನಾನು ಹೋದದ್ದು ಗಾಳಿಗೆ.

ಶಂಖದ ತುದಿ ಮುರಿದಿದೆ. ನನ್ನನ್ನು ಸಮಾಧಾನ ಮಾಡಲಿಕ್ಕೆ ಆಟಿಕೆ ಕಳಿಸುವುದು ಬೇಡ.

ಸರಿಯಾಗಿ ಊಟ ಮಾಡುತ್ತಿದ್ದೇನೆ ಎಂದು ಅಮ್ಮನಿಗೆ ಹೇಳಿ.

ಚೇತನಾ


ಕೋಡಿ
20 ಜುಲೈ 2023

ಮಗಳೇ,

ನಿನ್ನ ಪತ್ರವನ್ನು ಬೆರಳಿನಲ್ಲೇ ಓದಿದೆ. ಕಣ್ಣಿನಲ್ಲಾದರೆ ಹಿತವಲ್ಲದ ಸಾಲನ್ನು ಹಾರಿಸಿ ಮುಂದೆ ಹೋಗಬಹುದು. ಬೆರಳಿಗೆ ಅದು ಆಗುವುದಿಲ್ಲ. ಒಂದೊಂದೇ ಅಕ್ಷರ ಮುಟ್ಟಿಯೇ ದಾಟಬೇಕು. "ಗಾಳಿಗೆ" ಎಂಬಲ್ಲಿ ಬಂದು ಬೆರಳು ನಿಂತಿತು.

ಅಮ್ಮನಿಗೆ ಓದಿ ಹೇಳಿದೆ. ಅವಳು "ನಾವ್ ಅದನ್ನ್ ಕೇಂಬುಕೇ ಹೋಯ್ಲಿಲ್ಲ, ಕಾಣಿ" ಎಂದಳು. ಆಮೇಲೆ ಒಳಗೆ ಹೋಗಿ ಅಕ್ಕಿ ಹುರಿಯಲು ಕೂತಳು. ಈ ಡಬ್ಬಿಯಲ್ಲಿ ಇರುವ ಚಕ್ಕುಲಿ ಆ ದಿನದ್ದು. ಅಂಚೆಯಲ್ಲಿ ಎಷ್ಟು ಉಳಿಯುತ್ತದೋ ಕಾಣೆ.

ಶಂಖ ಆಟಿಕೆ ಎಂದು ಕಳಿಸಿದ್ದಲ್ಲ. ನಿನಗೆ ಎಂತ ಬರೆಯುವುದು ಎಂದು ಗೊತ್ತಾಗದೆ ಕಳಿಸಿದ್ದು. ಈಗ ಒಂದು ಪ್ರಶ್ನೆ ಕೇಳುತ್ತೇನೆ, ನಿಜವಾಗಿ ತಿಳಿಯಬೇಕೆಂದೇ. ಮಾಸ್ಟ್ರು ಹೇಳಿದ ಹಾಗೆ ಕಣ್ಣು ಮುಚ್ಚಿ ಒಂದು ಶಂಖವನ್ನು ಬೆರಳಿನಿಂದ ಸವರುತ್ತಿದ್ದೆ. ಅಮ್ಮ ಕರಿದಿಟ್ಟ ಚಕ್ಕುಲಿಯನ್ನೂ ಹಾಗೇ ಸವರಿದೆ. ಎರಡೂ ಸುತ್ತೇ. ಆದರೆ ಬೆರಳಿಗೆ ಎರಡೂ ಒಂದೇ ಅನ್ನಿಸಲಿಲ್ಲ. ಹುಟ್ಟಿದಂದಿನಿಂದ ಚಿಪ್ಪಿನ ರಾಶಿಯ ನಡುವೆ ಇದ್ದವನಿಗೆ ಇದು ಹೊಳೆದಿರಲಿಲ್ಲ. ಏನು ವ್ಯತ್ಯಾಸ?

ಮೊನ್ನೆ ಬೈಂದೂರಿನಲ್ಲಿ ನಿನ್ನ ಸೋದರಮಾವ ಪ್ರೇಮಾನಂದ ಸಿಕ್ಕಿದ್ದ. ನಿನ್ನನ್ನು ಕೇಳಿದ. ಚೆನ್ನಾಗಿದ್ದಾಳೆ ಎಂದೆ. ಹೌದು ತಾನೆ?

ಅಪ್ಪಯ್ಯ


ಮೈಸೂರು
13 ಆಗಸ್ಟ್ 2023

ಅಪ್ಪಯ್ಯ,

ಚಕ್ಕುಲಿ ಒಂದೂ ಇಡಿಯಾಗಿ ಬರಲಿಲ್ಲ, ಎಲ್ಲ ತುಂಡು. ನಾನು, ನನ್ನ ಗೆಳತಿ ರಮಿತಾ (ಕಾಲೇಜಿನಿಂದ ನನ್ನನ್ನು ನೋಡಲು ಬಂದಿದ್ದಳು), ವಿನಯಾ ಮೇಡಂ ಮೂವರೂ ತಟ್ಟೆಯ ಸುತ್ತ ಕೂತು ಅವನ್ನು ಜೋಡಿಸಿದೆವು. ಹೆಚ್ಚು ಬಾಗಿದ ತುಂಡು ಒಳಗಿನದು, ಕಡಿಮೆ ಬಾಗಿದ್ದು ಹೊರಗಿನದು. ರಮಿತಾ ನೋಡಿ ಹುಡುಕುತ್ತಿದ್ದಳು, ನಾನು ಸವರಿ ಹುಡುಕುತ್ತಿದ್ದೆ. ನಾನೇ ಮೊದಲು ಮುಗಿಸಿದೆ. ಆಮೇಲೆ ತಿಂದೆವು.

ನಿಮ್ಮ ಪ್ರಶ್ನೆಗೆ ಉತ್ತರ. ಚಕ್ಕುಲಿಯಲ್ಲಿ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವಿನ ಅಂತರ ಯಾವಾಗಲೂ ಒಂದೇ. ಅಮ್ಮ ಒತ್ತುವ ಹಿಟ್ಟಿನ ದಪ್ಪ ಎಷ್ಟೋ ಅಷ್ಟು. ಶಂಖದಲ್ಲಿ ಹಾಗಲ್ಲ. ಮೊದಲ ಸುತ್ತಿನ ಎಷ್ಟು ಪಟ್ಟು ಎರಡನೆಯದೋ, ಎರಡನೆಯದರ ಅಷ್ಟೇ ಪಟ್ಟು ಮೂರನೆಯದು. ದಾರ ಹಿಡಿದು ಅಳೆದು ನೋಡಿದೆ, ಹೆಚ್ಚುಕಡಿಮೆ ಸರಿಬಂತು. ಒಳಗಿನ ಹುಳು ಬೆಳೆದಾಗ ಹಳೆಯ ಕೋಣೆಯನ್ನು ಒಡೆಯುವುದಿಲ್ಲ. ಬಾಯಿಯ ಹತ್ತಿರ ಇನ್ನೊಂದಿಷ್ಟು ಕಟ್ಟಿಕೊಳ್ಳುತ್ತದೆ. ಶಂಖ ಎಷ್ಟು ದೊಡ್ಡದಾದರೂ ಆಕಾರ ಮಾತ್ರ ಮೊದಲಿನದೇ.

ಇಲ್ಲಿ ಅಡಿಗೆಮನೆಯಲ್ಲಿ ಅನಾನಸು ತಂದಿದ್ದರು. ಅದರ ಕಣ್ಣುಗಳೂ ಸುತ್ತಿಕೊಂಡೇ ಏರುತ್ತವೆ, ಬಲಕ್ಕೊಂದು ಸಾಲು, ಎಡಕ್ಕೊಂದು ಸಾಲು. ಹೋದ ವಾರ ಮೇಡಂ ನಮ್ಮನ್ನು ಸೋಮನಾಥಪುರಕ್ಕೆ ಕರೆದುಕೊಂಡು ಹೋದರು. ಹೊರಗೋಡೆಯಲ್ಲಿ ಒಂದು ಮಕರದ ಬಾಲ ಬಳ್ಳಿಯಾಗಿ ಸುರುಳಿ ಸುತ್ತಿ ಹೋಗುತ್ತದೆ. ಅದನ್ನು ಮುಟ್ಟಿದೆ ಅಪ್ಪಯ್ಯ. ಕಣ್ಣಿದ್ದಾಗ ಅದೇ ಗುಡಿಯ ಮುಂದೆ ಕೂತು ನಕ್ಷೆ ಬರೆದಿದ್ದೆ, ಅದು ಇಷ್ಟು ಆಳವಾಗಿ ಕೊರೆದದ್ದು ಎಂದು ಗೊತ್ತೇ ಇರಲಿಲ್ಲ.

ಈಗ ಮುಖ್ಯ ವಿಷಯ. ನಾನು ಕಾಲೇಜಿಗೆ ತಿರುಗಿ ಹೋಗುತ್ತೇನೆ. ಉಳಿದಿರುವುದು ಕೊನೆಯ ಯೋಜನೆ ಒಂದೇ. ಕಣ್ಣಿಲ್ಲದವರಿಗೆ ಒಂದು ಓದುಮನೆ ಮಾಡಬೇಕೆಂದಿದ್ದೇನೆ, ಶಂಖದ ಹಾಗೆ. ಬಾಗಿಲ ಹತ್ತಿರ ಸಣ್ಣ ಕೋಣೆ, ಸುತ್ತಿಕೊಂಡು ಏರುತ್ತ ಹೋದಂತೆ ಕೋಣೆಗಳು ಅದೇ ಪ್ರಮಾಣದಲ್ಲಿ ದೊಡ್ಡವು, ಮೆಟ್ಟಿಲುಗಳೂ ಅದೇ ಪ್ರಮಾಣದಲ್ಲಿ ದೊಡ್ಡವು. ಎಲ್ಲಿದ್ದೇವೆ ಎಂದು ಹೆಜ್ಜೆಯ ಸದ್ದಿನಿಂದಲೇ ಗೊತ್ತಾಗಬೇಕು. ನಾನು ಮಣ್ಣಿನಲ್ಲಿ ಮಾದರಿ ಮಾಡುತ್ತೇನೆ, ರಮಿತಾ ನೋಡಿ ನಕ್ಷೆ ಬರೆಯುತ್ತಾಳೆ. ವಿಭಾಗದ ಮುಖ್ಯಸ್ಥರಿಗೆ ಪತ್ರ ಹೋಗಿದೆ.

ಇದನ್ನು ಮೊದಲು ಹೇಳುತ್ತಿರುವುದು ನಿಮಗೇ.

ಚೇತನಾ


ಕೋಡಿ
27 ಆಗಸ್ಟ್ 2023

ಚೇತನಾ,

ನಿನ್ನ ಪತ್ರ ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ನಿನ್ನೆ ನಿನ್ನ ಕಾಲೇಜಿಗೆ ಹೋಗಿ ಬಂದೆ. ಅಲ್ಲಿ ಎಷ್ಟು ಮೆಟ್ಟಿಲು, ಎಷ್ಟು ಜನ, ಎಷ್ಟು ಬೈಕು! ಮುಖ್ಯಸ್ಥರನ್ನು ಕಂಡು ಹೇಳಿದೆ: ಅವಳು ಹಟ ಮಾಡುತ್ತಾಳೆ, ನೀವು ಆಸೆ ಹುಟ್ಟಿಸಬೇಡಿ, ಆಗುವುದಿಲ್ಲ ಎಂದು ನೀವೇ ಹೇಳಿಬಿಡಿ, ನಾವು ಹೇಳಿದರೆ ಕೇಳುವುದಿಲ್ಲ. ಅವರು ಒಳ್ಳೆಯ ಮನುಷ್ಯ. ಚಹಾ ತರಿಸಿದರು. ಆಗುತ್ತದೆ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ.

ನಿನ್ನಿಂದ ಮುಚ್ಚಿಡಬಾರದು ಎಂದು ಬರೆಯುತ್ತಿದ್ದೇನೆ. ನಿನಗೆ ಸಿಟ್ಟು ಬರುತ್ತದೆ. ಬರಲಿ. ಬಿದ್ದು ಕೈಕಾಲು ಮುರಿದುಕೊಂಡರೆ ನಿನ್ನನ್ನು ಯಾರು ನೋಡುತ್ತಾರೆ? ನಾವು ಇರುವ ತನಕ ನಿನಗೆ ಇಲ್ಲಿ ಏನೂ ಕಡಿಮೆ ಇಲ್ಲ. ಮನೆಗೆ ಬಾ ಮಗಳೇ.

ಅಪ್ಪಯ್ಯ


ಮೈಸೂರು
24 ನವೆಂಬರ್ 2023

ಮಾನ್ಯ ಸುಧಾಕರ ಅವರಿಗೆ,

ನಾನು ವಿನಯಾ. ಚೇತನಾಳ ಬಲಗೈ ಮಣಿಕಟ್ಟು ಮುರಿದಿದೆ, ಅದಕ್ಕೇ ಈ ಪತ್ರ ನನ್ನ ಕೈಬರಹದಲ್ಲಿದೆ. ಗಾಬರಿಯಾಗಬೇಡಿ. ಮೂಳೆ ಕೂರಿಸಿ ಪಟ್ಟಿ ಹಾಕಿದ್ದಾರೆ, ಬೇರೇನೂ ಪೆಟ್ಟಿಲ್ಲ.

ನಿಮ್ಮ ಆಗಸ್ಟ್ ತಿಂಗಳ ಪತ್ರ ಓದಿದ ಮರುದಿನವೇ ಅವಳು ತಾನಾಗಿ ಮುಖ್ಯಸ್ಥರಿಗೆ ಫೋನು ಮಾಡಿ, "ನನ್ನ ಪರವಾಗಿ ಇನ್ನೊಬ್ಬರು ಹೇಳಿದ್ದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ ಸಾರ್" ಎಂದಳು. ಮೊದಲು ವಿನ್ಯಾಸ ತೋರಿಸಲಿ, ಆಮೇಲೆ ನೋಡೋಣ ಎಂದು ಅವರು ಒಪ್ಪಿದ್ದಾರೆ. ಅದಕ್ಕಾಗಿ ಸುತ್ತುಮೆಟ್ಟಿಲು ಇರುವ ಒಂದು ಕಟ್ಟಡ ನೋಡಲು ರಮಿತಾಳ ಜೊತೆ ಹೋಗಿದ್ದಳು. ಇಳಿಯುವಾಗ ಬಿದ್ದಳು.

ಮುಂದಿನದು ಅವಳು ಹೇಳಿ ಬರೆಸಿದ್ದು:

"ಅಪ್ಪಯ್ಯ, ನೀವು ಹೆದರಿದ ಹಾಗೇ ಆಯಿತು. ಆದರೆ ಬಿದ್ದದ್ದು ಯಾಕೆ ಎಂದು ಕೇಳಿ. ಆ ಕಟ್ಟಡದಲ್ಲಿ ಮೇಲಿನಿಂದ ಕೆಳಗಿನ ತನಕ ಎಲ್ಲ ಮೆಟ್ಟಿಲೂ ಒಂದೇ ಎತ್ತರ, ಕಟ್ಟಕಡೆಯದು ಮಾತ್ರ ಎರಡು ಬೆರಳು ಗಿಡ್ಡ. ಕಟ್ಟಿದವನಿಗೆ ಲೆಕ್ಕ ಹೊಂದಲಿಲ್ಲ, ಉಳಿದದ್ದನ್ನು ಅಲ್ಲಿ ತಳ್ಳಿದ್ದಾನೆ. ರಮಿತಾಳೂ ಅಲ್ಲೇ ಎಡವಿದಳು. ಅವಳಿಗೆ ಕಣ್ಣಿದೆ. ಕಾಲು ಮೊದಲ ಎರಡು ಮೆಟ್ಟಿಲಿನಲ್ಲಿ ಪಾಠ ಕಲಿತು, ಮುಂದಿನದೆಲ್ಲ ಹಾಗೇ ಇರುತ್ತದೆ ಎಂದು ನಂಬಿ ಇಳಿಯುತ್ತದೆ. ಎಲ್ಲರ ಕಾಲೂ ಹಾಗೇ.

ಬಿದ್ದಲ್ಲೇ ಕೂತು ಅತ್ತೆ. ನೋವಿಗಲ್ಲ. ನನ್ನ ವಿನ್ಯಾಸವೇ ತಪ್ಪು ಎಂದು ಹೊಳೆಯಿತು. ಶಂಖ ಹಿರಿದಾಗುತ್ತ ಹೋಗುವುದು ಒಳಗಿನ ಹುಳು ಬೆಳೆಯುವುದರಿಂದ. ಮೆಟ್ಟಿಲು ಹತ್ತುವವರು ಹತ್ತುತ್ತ ಹತ್ತುತ್ತ ಬೆಳೆಯುವುದಿಲ್ಲವಲ್ಲ. ಚಂದ ಕಂಡಿತು ಎಂದು ಶಂಖವನ್ನು ಎತ್ತಿ ತಂದೆ. ನಡೆಯುವವರ ಕಾಲನ್ನು ಮರೆತೆ. ಎಲ್ಲ ಮೊದಲಿನಿಂದ ಮಾಡುತ್ತೇನೆ. ನನ್ನನ್ನು ಕರೆದುಕೊಂಡು ಹೋಗಲು ಬರಬೇಡಿ."

ಇದಕ್ಕೆ ನಾನು ಸೇರಿಸುವುದು ಏನೂ ಇಲ್ಲ.

ನಮಸ್ಕಾರಗಳೊಂದಿಗೆ,
ವಿನಯಾ


ಕೋಡಿ
17 ಡಿಸೆಂಬರ್ 2023

ಚೇತನಾ,

ವಿನಯಾ ಮೇಡಂ ಪತ್ರ ಬಂದ ದಿನವೇ ಚೀಲ ತುಂಬಿಸಿದೆ. ಅಮ್ಮನೂ ನನ್ನ ಹಿಂದೆಯೇ ರಿಕ್ಷಾ ಹತ್ತಿದಳು. ಮೂಡ್ಲಕಟ್ಟೆ ಸ್ಟೇಷನ್ನಿನ ಬೆಂಚಿನಲ್ಲಿ ಕೂತಾಗ ಅವಳು ನನ್ನ ಮುಖ ನೋಡದೆ ಹೇಳಿದಳು: "ಕಾಣಿ, ಕರ್ಕಂಡ್ ಬಪ್ಪುಕ್ ಹೋಪ್ದಾರೆ ಈಗ್ಳೇ ಮನಿಗ್ ತಿರ್ಗಿ. ಕಂಡ್ಕಂಡ್ ಬಪ್ಪುಕ್ ಹೋಪ್ದಾರೆ ನಾನೂ ಬತ್ತೆ."

"ಅದ್ರಲ್ ಎಂತ ವ್ಯತ್ಯಾಸ?" ಎಂದೆ.

"ನಿಮ್ಗೇ ಗೊತ್ತಿತ್ತಲೆ" ಎಂದಳು.

ಗೊತ್ತಿತ್ತು, ನಿನ್ನನ್ನು ನೋಡಿ ಬರುವುದು ಬೇರೆ, ಕರೆದುಕೊಂಡು ಬರುವುದು ಬೇರೆ. ಚೀಲದಲ್ಲಿ ನಿನಗೆಂದು ನಾನು ಇಟ್ಟದ್ದು ತಿರುಗಿ ಬರುವಾಗ ಹೊದೆಯಲಿಕ್ಕೆ ಒಂದು ಶಾಲು, ಅಷ್ಟೇ. ರೈಲು ಬಂತು, ನಿಂತಿತು, ಹೋಯಿತು. ನಾವು ಅದೇ ರಿಕ್ಷಾದಲ್ಲಿ ಮನೆಗೆ ಬಂದೆವು.

ಮನೆಯ ಎದುರು ಇಳಿದು ಹತ್ತುವಾಗ ನೀನು ಬರೆಸಿದ್ದು ನೆನಪಾಯಿತು. ಬೆಳಿಗ್ಗೆ ಎದ್ದು ನಮ್ಮ ಜಗಲಿಯ ಮೆಟ್ಟಿಲುಗಳನ್ನು ಗೇಣು ಹಾಕಿ ಅಳೆದೆ. ಒಂದರ ಹಾಗೆ ಇನ್ನೊಂದಿಲ್ಲ, ಮಗಳೇ. ಅಂಗಳ ತಗ್ಗಿದಾಗಲೆಲ್ಲ ಒಂದು ಕಲ್ಲು ತಂದು ಇಟ್ಟದ್ದು, ಮೇಲಿನದು ಮೊಣಕಾಲೆತ್ತರ, ಕೆಳಗಿನದು ಹೊಸ್ತಿಲಿನಷ್ಟು. ಕಣ್ಣು ಹೋದ ಮೇಲೆ ನೀನು ಅಲ್ಲಿ ಎರಡು ಸಲ ಮುಗ್ಗರಿಸಿದ್ದೆ. ಅದರ ಮೇಲೆಯೇ ನಾನು ನಿನ್ನನ್ನು ಹೊರಗೆ ಬಿಡುವುದು ನಿಲ್ಲಿಸಿದ್ದು. ಮೆಟ್ಟಿಲಿನ ತಪ್ಪನ್ನು ನಿನ್ನ ಕಣ್ಣಿನ ಮೇಲೆ ಹಾಕಿದೆವು.

ಗಾರೆಯ ಚಂದ್ರನನ್ನು ಕರೆಸಿ ಎಲ್ಲ ಕೀಳಿಸಿದೆ. ನಮ್ಮದೇ ಸುಣ್ಣ, ಗಟ್ಟಿಯಾದ ಶಿರೆಕಲ್ಲು. ಅಚ್ಚುಕಟ್ಟಾಗಿಯೇ ಕಟ್ಟಿದ. ಕಡೆಗೆ ನೋಡಿದರೆ ಅಂಗಳ ಇಳಿಜಾರು ಎಂದು ಕೆಳಗಿನ ಮೆಟ್ಟಿಲು ಗಿಡ್ಡ ಬಂದಿದೆ. ಕಿತ್ತು ಪುನಃ ಕಟ್ಟು ಎಂದೆ.

"ಎಂತ ಅಣ್ಣ ನೀವ್! ಎರಡ್ ಬೆರ್ಳ್ ಯಾರಿಗ್ ಗೊತ್ತಾತ್ತ್?" ಎಂದ.

"ನನ್ ಮಗ್ಳಿಗ್ ಗೊತ್ತಾತ್ತ್" ಎಂದೆ.

ಅವನು ಹಾರೆ ಎತ್ತಿಕೊಂಡ. ಅಂಗಳವನ್ನೇ ಅಗೆದು ತಗ್ಗಿಸಿ ಸಮ ಮಾಡಿದ.

ನಿನ್ನ ಮುಖ್ಯಸ್ಥರಿಗೆ ನಿನ್ನೆ ಒಂದು ಕಾಗದ ಹಾಕಿದ್ದೇನೆ: ಆ ದಿನ ನಾನು ಹೇಳಿದ್ದು ನನ್ನ ಹೆದರಿಕೆ, ಅವಳ ಶಕ್ತಿಯ ಬಗ್ಗೆ ನನಗೆ ತಿಳಿದಿರಲಿಲ್ಲ ಎಂದು. ಬೇರೆ ಏನೂ ಬರೆದಿಲ್ಲ. ನಿನ್ನ ಪರವಾಗಿಯೂ ಬರೆದಿಲ್ಲ. ಅದನ್ನು ನೀನೇ ಮಾಡಬಲ್ಲೆ.

ಕೈ ಹೇಗಿದೆ? ಬರೆಯಲಿಕ್ಕೆ ಆಗುವ ತನಕ ಬರೆಯಬೇಡ. ನಾನು ಕಾಯುತ್ತೇನೆ.

ಅಪ್ಪಯ್ಯ


ಕಾಲೇಜಿನ ಹಾಸ್ಟೆಲಿನಿಂದ
2 ಜೂನ್ 2024

ಅಪ್ಪಯ್ಯ,

ಮುಗಿಯಿತು. ಪಾಸಾದೆ.

ಇಷ್ಟು ದಿನ ಫೋನಿನಲ್ಲಿ "ಹೂಂ, ಉಂಡೆ, ಮಲಗಿದೆ" ಎಂದಷ್ಟೇ ಹೇಳುತ್ತಿದ್ದೆ. ಇದನ್ನು ಮಾತ್ರ ಚುಚ್ಚಿಯೇ ಹೇಳಬೇಕೆಂದು ಇಟ್ಟುಕೊಂಡಿದ್ದೆ.

ಪರೀಕ್ಷಕರು ಮೂವರು. ಒಬ್ಬರಿಗೆ ನಕ್ಷೆ ಸಾಲಲಿಲ್ಲ, ರಮಿತಾ ಬರೆದದ್ದು ಯಾವುದು, ನಾನು ಹೇಳಿದ್ದು ಯಾವುದು ಎಂದು ಒಂದೊಂದೇ ಗೆರೆಗೆ ಕೇಳಿದರು. ಅಂಕವನ್ನೂ ಕಳೆದರು. ಇನ್ನೊಬ್ಬರು ಹಿರಿಯ ಹೆಂಗಸು, ಮಣ್ಣಿನ ಮಾದರಿಯ ಮೇಲೆ ಕೈಯಿಟ್ಟು, "ಓದುವ ಕೋಣೆಗಳು ಶಂಖದ ಹಾಗೆ ಬೆಳೆಯುತ್ತವೆ, ಆದರೆ ಏರುವ ದಾರಿ ಮಾತ್ರ ಬೆಳೆಯುವುದಿಲ್ಲ. ಯಾಕೆ?" ಎಂದರು.

ಕೋಣೆ ದೊಡ್ಡದಾದರೆ ದನಿ ಬದಲಾಗುತ್ತದೆ, ಎಲ್ಲಿದ್ದೇವೆ ಎಂದು ಕಿವಿಗೆ ತಿಳಿಯುತ್ತದೆ ಎಂದೆ. ಮೆಟ್ಟಿಲು ಬದಲಾದರೆ ಬೀಳುತ್ತೇವೆ. ಕಿವಿಗೆ ಬದಲಾವಣೆ ಬೇಕು, ಕಾಲಿಗೆ ಬೇಡ.

"ಇದು ಯಾವ ಪುಸ್ತಕದಲ್ಲಿದೆ?" ಎಂದು ಕೇಳಿದರು. ಮಣಿಕಟ್ಟು ಎತ್ತಿ ತೋರಿಸಿದೆ. ಅವರು ನಕ್ಕದ್ದು ಕೇಳಿಸಿತು.

ಕೆಲಸದ ಮಾತು ಇನ್ನೂ ದೂರ. ಎರಡು ಕಡೆ ಅರ್ಜಿ ಹಾಕಿದ್ದೇನೆ, ಒಂದು ಕಡೆಯಿಂದ ಆಗಲೇ ಬೇಡ ಎಂದು ಬಂತು. ಬರಲಿ.

ಮುಂದಿನ ಶನಿವಾರ ಮನೆಗೆ ಬರುತ್ತೇನೆ, ಕೆಲವು ದಿನ ಇರುತ್ತೇನೆ. ಬಸ್ಸಿಗೆ ನಾನೇ ಬರುತ್ತೇನೆ, ಶಾಸ್ತ್ರಿ ಸರ್ಕಲ್ಲಿಗೆ ಯಾರೂ ಬರುವುದು ಬೇಡ. ಒಂದು ಬೆಳಿಗ್ಗೆ ಅಳಿವೆಯ ಕಡೆಗೂ ಹೋಗಬೇಕು. ಈಗಲೇ ಹೇಳಿದ್ದೇನೆ.

ನಿಮ್ಮ
ಚೇತನಾ


ಕೋಡಿ
23 ಜೂನ್ 2024

ರಮಿತಾ, ನಾನು ಚೇತನಾಳ ಅಮ್ಮ. ಇದನ್ನು ಅವಳಿಗೆ ಓದಿ ಹೇಳು. ನನಗೆ ಚುಕ್ಕಿ ಚುಚ್ಚಲು ಬರುವುದಿಲ್ಲ. ಅವಳೊಬ್ಬಳೇ ಇರುವಾಗ ಓದು.

ಮಗಾ, ನೀನು ತಿರುಗಿ ಹೋಗಿ ಒಂದು ವಾರವಾಯಿತು. ಒಂದು ವಿಷಯ ನಿನಗೆ ಯಾರೂ ಹೇಳಿರಲಿಕ್ಕಿಲ್ಲ.

ಈ ಸಲ ನೀನು ಅಳಿವೆಗೆ ಹೊರಟ ಬೆಳಿಗ್ಗೆ ಅಪ್ಪಯ್ಯ ಜಗಲಿಯಲ್ಲಿ ಕೂತು ಪೇಪರು ಓದುತ್ತಿದ್ದರಲ್ಲ. "ಹೋಯ್ಬತ್ತೆ ಅಪ್ಪಯ್ಯ" ಎಂದೆ. ಅವರು "ಹ್ಞಾಂ, ಹೋಯ್ಬಾ" ಎಂದರು. ನೀನು ಕೋಲು ತಟ್ಟುತ್ತ ಇಳಿದು ಗೇಟು ದಾಟಿದೆ. ಅವರ ದನಿ ಎಷ್ಟು ಸಲೀಸಾಗಿತ್ತು ಎಂದರೆ ನಾನೂ ಒಳಗೆ ದೋಸೆ ಹೊಯ್ಯಲು ಹೋದೆ.

ಆಮೇಲೆ ಅವರು ಅಡಿಗೆಮನೆಗೆ ಬಂದರು. ನೆಲದ ಮೇಲೆ ಗೋಡೆಗೆ ಒರಗಿ ಕೂತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ನಾನು ಹೆದರಿ, "ಎಂತ ಆಯ್ತ್? ಎದಿ ನೋವಾ?" ಎಂದೆ. ಅವರು ಅಲ್ಲವೆಂದು ತಲೆ ಅಲ್ಲಾಡಿಸಿದರು. ಕೈ ತೆಗೆಯಲಿಲ್ಲ. ಕೈ ತೆಗೆದರೆ ನಿನ್ನನ್ನು ಕರೆದುಬಿಡುತ್ತಿದ್ದರು.

ದೋಸೆ ಆರಿಹೋಯಿತು. ನಾನೂ ಅವರ ಹತ್ತಿರವೇ ಕೂತೆ. ಇಬ್ಬರೂ ಕೇಳುತ್ತಿದ್ದೆವು, ಸಮುದ್ರದ ಸದ್ದು ಬಿಟ್ಟರೆ ಏನೂ ಇಲ್ಲ. ಗೇಟಿನ ಹತ್ತಿರ ನಿನ್ನ ಕೋಲಿನ ಸದ್ದು ಕೇಳಿದ ಮೇಲೆಯೇ ಅವರು ಕೈ ಇಳಿಸಿದ್ದು. ಕೆನ್ನೆಯ ಮೇಲೆ ಬೆರಳಿನ ಗುರುತು ಬಿದ್ದಿತ್ತು. ಎದ್ದು ಮುಖ ತೊಳೆದುಕೊಂಡು, ಜಗಲಿಗೆ ಹೋಗಿ, ಅದೇ ಪೇಪರು ಬಿಡಿಸಿ ಹಿಡಿದು ನಿನ್ನನ್ನು ಕೇಳಿದರು: "ಗಾಳಿ ಹೇಂಗಿತ್ತ್ ಹೆಣೆ?"

ಅಮ್ಮ